ಎವೇಲಿಯೊ ತಳಿ

ಫೆಬ್ರವರಿ 18, 2019. ಸೋಮವಾರ

ಯಂತ್ರ ತಿರುಗಿತು. ವುಲ್ಫ್‌ಗಾಂಗ್ ಕೆಟ್ಟುಹೋದ ಇನ್ನೊಂದು ಸೆಂಟ್ರಿಫ್ಯೂಜಿನ ಹೊಟ್ಟೆ ಬಗೆದು, ಅದರ ಗಾಳಿ ಎಳೆಯುವ ಪಂಪನ್ನು ಇದಕ್ಕೆ ಕೂರಿಸಿದ್ದ. ಮಧ್ಯಾಹ್ನ ಗುಂಡಿ ಒತ್ತಿದಾಗ ಮೊದಲು ಕೆಮ್ಮಿತು, ಆಮೇಲೆ ಗುಂಯ್ ಎಂದು ಒಂದೇ ಶ್ರುತಿ ಹಿಡಿಯಿತು.

"ಡಾಕ್ಟೋರಾ, ಸತ್ತವನ ಕಿಡ್ನಿ ತೆಗೆದು ಸಾಯೋನಿಗೆ ಹಾಕಿದೀನಿ. ಗ್ಯಾರಂಟಿ ಮಾತ್ರ ಕೇಳಬೇಡಿ" ಅಂದ.

ಅವನು ಪಕ್ಕದ ಜೀವರಸಾಯನ ವಿಭಾಗದವನು. ಅಲ್ಲಿ ಉಳಿದಿರುವುದು ಅವನೊಬ್ಬ, ನನ್ನ ಪರೋಪಜೀವಿ ವಿಭಾಗದಲ್ಲಿ ನಾನೊಬ್ಬಳು. ಮಿಕ್ಕವರೆಲ್ಲ ಗಡಿ ದಾಟಿದ್ದಾರೆ. ನಾವಿಬ್ಬರು, ಈ ಯಂತ್ರ, ಮತ್ತು ನನ್ನ ಫ್ರೀಜರಿನಲ್ಲಿ ಮೂವತ್ತು ವರ್ಷಗಳಿಂದ ಹೃದಯವನ್ನು ತಿನ್ನುವ ಚಾಗಾಸ್ ಕಾಯಿಲೆಯವರ ರಕ್ತದಿಂದ ಬೇರ್ಪಡಿಸಿ ಹೆಪ್ಪುಗಟ್ಟಿಸಿಟ್ಟ ಪರೋಪಜೀವಿಯ ತಳಿಗಳು. ಇಷ್ಟೇ ಈಗ ಸಂಶೋಧನಾ ಕೇಂದ್ರ.

ಸಾವೊ ಪೌಲೊದ ಸಂಶೋಧಕರು ಇನ್ನೂ ಕಾಯುತ್ತಿದ್ದಾರೆ. ಜೀವಂತ ಪರೋಪಜೀವಿಯನ್ನು ಗಡಿ ದಾಟಿಸಲು ಬಿಡುವುದಿಲ್ಲ, ಡಿಎನ್ಎ ಕಳಿಸಬಹುದು. ಅದರಲ್ಲೂ ಅವರು ಕೇಳಿರುವುದು ಈ ಜೀವಿಯ ಬಾಲದ ಬುಡದಲ್ಲಿ ಸರಪಳಿಯಂತೆ ಹೆಣೆದುಕೊಂಡಿರುವ ಉಂಗುರಗಳ ಡಿಎನ್ಎ ಒಂದನ್ನೇ, ಬೇರೆ ಏನೂ ಬೆರೆಯದೆ. ಹೊರಗಿನವರಿಗೆ ಇದಕ್ಕೆಲ್ಲ ಸಿದ್ಧ ಕಿಟ್ಟು ಸಿಗುತ್ತದೆ. ನಮಗೆ ಉಳಿದಿರುವುದು ನಮ್ಮ ಗುರುಗಳು ಕಲಿಸಿದ ಹಳೆಯ ದಾರಿ: ಭಾರವಾದ ಉಪ್ಪು ಮತ್ತು ವೇಗ.

ಎವೇಲಿಯೊ ತಳಿಯನ್ನೇ ಆರಿಸಿದೆ. ಕಾರಣ ಸರಳ. ಬಾರಿನಾಸ್ ಬಯಲಿನ ತಳಿ, ಒಂದೇ ಹೃದಯವನ್ನು ದಶಕಗಟ್ಟಲೆ ತಿಂದದ್ದು, ಆ ಹೃದಯದ ಒಂದೊಂದು ಇಸಿಜಿಯೂ ನನ್ನ ಬಳಿ ಇದೆ. ಇಂಥ ದಾಖಲೆ ಬೇರೆ ಯಾವ ತಳಿಗೂ ಇಲ್ಲ.

ಮನೆಗೆ ಬಂದರೆ ಆ ಹೃದಯದ ಒಡೆಯ, ನನ್ನ ಗಂಡ ಎವೇಲಿಯೊ, ಮತ್ತೆ ಜೋಳದ ಅರೆಪಾ ರೊಟ್ಟಿಗೆ ಉಪ್ಪು ಹಾಕಿಕೊಂಡು ತಿಂದಿದ್ದರು. ಜಗಳ.

ಫೆಬ್ರವರಿ 27, ಬುಧವಾರ

ಕರಗಿಸಿದ ತಳಿ ಎದ್ದು ಕೂತಿದೆ. ಶೀಷೆಗಳಲ್ಲಿ ದಟ್ಟವಾಗಿ ಬೆಳೆಯುತ್ತಿವೆ, ಚುರುಕಾಗಿ ಚಲಿಸುತ್ತಿವೆ. ದನದ ಯಕೃತ್ತನ್ನು ಬೇಯಿಸಿ ಸಾರು ಬಸಿದು ಅವಕ್ಕೆ ಆಹಾರ ಮಾಡುತ್ತಿದ್ದೇನೆ.

"ಅದಕ್ಕೆ ಲಿವರ್ ಸೂಪು, ನನಗೆ ಉಪ್ಪಿಲ್ಲದ ಅರೆಪಾ. ಈ ಮನೇಲಿ ರೋಗಿಗಿಂತ ರೋಗಕ್ಕೇ ಮರ್ಯಾದೆ" ಎಂದರು ಎವೇಲಿಯೊ.

"ಉಪ್ಪು ತಿಂದ್ರೆ ನಿಮ್ಮ ಕಾಲು ಊದತ್ತೆ."

"ನೀವು, ನಿಮ್ಮ. ಮದುವೆಯಾಗಿ ಇಷ್ಟು ವರ್ಷ ಆಯ್ತು, ಇನ್ನೂ ಬಹುವಚನ. ನಿಮ್ಮ ಗುಡ್ಡದವರು ನಾಯೀನೂ 'ತಾವು ಸ್ವಲ್ಪ ಹೊರಗೆ ಹೋಗಿ' ಅಂತ ಓಡಿಸ್ತೀರಿ."

ಅವರ ಬಾಯಿ ಮುಚ್ಚಿಸಲು ನನ್ನಿಂದ ಎಂದೂ ಆಗಿಲ್ಲ. ಬದುಕಿಡೀ ರೇಡಿಯೊದಲ್ಲಿ ಬೆಳಗಿನ ಹೊತ್ತು ಬಯಲುನಾಡಿನ ಹಾಡು ಹಾಕಿ ಮಾತಾಡಿದವರು. ನನ್ನ ಪ್ರಯೋಗಾಲಯಕ್ಕೆ ಮೊದಲ ಸಲ ಬಂದದ್ದೂ ಮೈಕ್ ಹಿಡಿದೇ, ತೊಂಬತ್ತರಲ್ಲಿ. ಚಾಗಾಸ್ ಹರಡುವ ಚೀಪೊ ತಿಗಣೆಯ ಬಗ್ಗೆ ಕಾರ್ಯಕ್ರಮ. ಕೇಳುಗರಿಗೆ ತಿಳಿಯಲೆಂದು ಸೋಂಕಿಲ್ಲದ ತಿಗಣೆಗಳ ಡಬ್ಬಿಯನ್ನು ತಮ್ಮ ತೋಳಿಗೆ ಕಟ್ಟಿಸಿಕೊಂಡು, ಅವು ರಕ್ತ ಹೀರುವುದನ್ನು ಕುದುರೆ ಪಂದ್ಯದಂತೆ ವರ್ಣಿಸಿದರು. ಕೆಲವು ವಾರದ ಮೇಲೆ ಆ ತಿಗಣೆಗಳ ಹೊಟ್ಟೆ ಸೀಳಿ ನೋಡಿದರೆ ಪರೋಪಜೀವಿ ಗಿಜಿಗುಡುತ್ತಿತ್ತು. ಅಂದರೆ ಅದು ಬಂದದ್ದು ಅವರ ರಕ್ತದಿಂದಲೇ. ಚಿಕ್ಕಂದಿನಲ್ಲಿ ಮಣ್ಣಿನ ಗೋಡೆಯ ಮನೆಯಲ್ಲಿ ಮಲಗಿದ್ದಾಗ ಕಚ್ಚಿಸಿಕೊಂಡದ್ದು. ಆ ಸುದ್ದಿ ಹೇಳಲು ಕರೆಸಿದೆ. ಕೇಳಿ ಮುಗಿಸಿ, "ಊಟಕ್ಕೆ ಬರ್ತೀರಾ?" ಅಂದರು.

ಎವೇಲಿಯೊ ಎದೆಯಲ್ಲಿರುವ ಪೇಸ್‌ಮೇಕರಿನ ಬ್ಯಾಟರಿ ಕೊನೆಗೆ ಬಂದಿದೆಯಂತೆ. ಹೃದಯದ ಡಾಕ್ಟರು ಹೊಸದು ಇಡೀ ಆಸ್ಪತ್ರೆಯಲ್ಲಿ ಇಲ್ಲ ಎಂದರು. ಬೊಗೊಟಾದಲ್ಲಿ ವಿಚಾರಿಸಬೇಕು. ಸೀಸಿಯಂ ಉಪ್ಪು ಎಷ್ಟು ಉಳಿದಿದೆ ನೋಡಬೇಕು.

ಮಾರ್ಚ್ 6, ಬೂದಿ ಬುಧವಾರ

ಕಾರ್ನಿವಲ್ ರಜೆ ಮುಗಿದರೂ ಕೇಂದ್ರ ಖಾಲಿ. ಬೆಳಿಗ್ಗೆ, ತಳಿಯನ್ನು ಒಡೆದು ತುಂಬಿದ ನಳಿಕೆಗಳನ್ನು ಒಳಗೆ ತಿರುಗುವ ರೋಟರಿನ ತೂತುಗಳಿಗೆ ಇಳಿಸಿ ಯಂತ್ರ ಹೊರಡಿಸಿದೆವು. ಎರಡು ದಿನ ಎಡೆಬಿಡದೆ ತಿರುಗಬೇಕು.

ಊಟಕ್ಕೆ ಮನೆಗೆ ಬಂದೆ. ಎವೇಲಿಯೊ ಇಗರ್ಜಿಯಿಂದ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದು ಏದುಸಿರು ಬಿಡುತ್ತಾ ಕೂತಿದ್ದರು. ನನ್ನ ಮುಖ ನೋಡಿ, "ಗೆದ್ದೋಳ ಥರ ಇದೀಯ. ಆ ನಳಿಕೆ ಒಳಗೆ ಏನು ನಡೀತಿದೆ, ರೇಡಿಯೊ ಕೇಳುವವರಿಗೆ ಹೇಳೋ ಹಾಗೆ ಹೇಳು" ಅಂದರು.

"ಸೀಸಿಯಂ ಅಂತ ಭಾರದ ಉಪ್ಪಿನ ನೀರು. ವಿಪರೀತ ಜೋರಾಗಿ ತಿರುಗಿಸಿದ್ರೆ ಉಪ್ಪೇ ಹೊರಗಡೆಗೆ ಒತ್ತಿಕೊಳ್ಳತ್ತೆ. ತಳದಲ್ಲಿ ನೀರು ಗಟ್ಟಿ, ಮೇಲೆ ಬರ್ತಾ ಬರ್ತಾ ತೆಳು."

"ಬೆಲ್ಲದ ಪಾಕ ತಣ್ಣಗಾದ ಹಾಗೆ."

"ಹ್ಞೂ. ಅದರಲ್ಲಿರೋ ಒಂದೊಂದೂ ತನ್ನ ಸಾಂದ್ರತೆಗೆ ಸರಿಹೊಂದೋ ಜಾಗ ಹುಡುಕ್ಕೊಂಡು ಹೋಗಿ ನಿಂತುಬಿಡತ್ತೆ. ಪ್ರೋಟೀನು ಮೇಲೆ ತೇಲತ್ತೆ. ಆರ್‌ಎನ್ಎ ತಳಕ್ಕೆ ಹೋಗಿ ಕೂರತ್ತೆ. ಡಿಎನ್ಎ ನಡುವೆ, ನೇತುಹಾಕಿದ ಹಾಗೆ. ಆಮೇಲೆ ಎಷ್ಟು ತಿರುಗಿಸಿದ್ರೂ ಅದು ಕೆಳಗೂ ಹೋಗಲ್ಲ, ಮೇಲೂ ಬರಲ್ಲ."

"ನಮ್ಮ ಮದುವೆ ಊಟ! ನಿಮ್ಮ ಕಡೆ ಪ್ರೊಫೆಸರುಗಳು ಮೇಲೆ ತೇಲ್ತಿದ್ರು. ನಮ್ಮ ಬಯಲಿನವರು ರಮ್ ಬಾಟಲಿ ಹತ್ರ ತಳಕ್ಕೆ ಕೂತಿದ್ರು. ಎಷ್ಟು ಕುಣಿಸಿದ್ರೂ ಬೆರೀಲಿಲ್ಲ."

"ಕೇಳಿ ಇಲ್ಲಿ. ನಡುವೆ ನಿಲ್ಲೋ ಡಿಎನ್ಎಯಲ್ಲೂ ಎರಡು ಬಗೆ. ದಾರದ ಹಾಗಿರೋದು, ಉಂಗುರದ ಹಾಗಿರೋದು. ಒಂದು ಬಣ್ಣ ಹಾಕ್ತೀವಿ. ದಾರ ಬಣ್ಣ ಜಾಸ್ತಿ ಕುಡಿದು ಹಗುರಾಗತ್ತೆ. ಉಂಗುರ ಬಿಗಿ, ಅಷ್ಟು ಕುಡಿಯೋಕಾಗಲ್ಲ, ಸ್ವಲ್ಪ ಕೆಳಗೆ ನಿಲ್ಲತ್ತೆ. ಕತ್ತಲೆ ಕೋಣೇಲಿ ನೇರಳಾತೀತ ದೀಪ ಹಿಡಿದ್ರೆ ಎರಡು ಕಿತ್ತಳೆ ಪಟ್ಟೆ. ಕೆಳಗಿನದು ನನಗೆ ಬೇಕಾದ್ದು."

"ಕುಡಿದವನು ತೇಲ್ತಾನೆ, ಕುಡೀದೋನು ಮುಳುಗ್ತಾನೆ. ಈ ದೇಶದ ಕತೆ ಇಷ್ಟೇ" ಎಂದು ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಬಹಳ ಹೊತ್ತಾಯಿತು.

ಯಂತ್ರ ನೋಡಲು ಸಂಜೆ ಮತ್ತೆ ಹೋಗಿಬಂದೆ. ಶ್ರುತಿ ತಪ್ಪಿಲ್ಲ.

ಮಾರ್ಚ್ 7, ಗುರುವಾರ

ಸಂಜೆ ಐದಕ್ಕೆ ಮುಂಚೆ ಕರೆಂಟು ಹೋಯಿತು. ಯಂತ್ರದ ಮುಚ್ಚಳಕ್ಕೆ ಕಿವಿ ಇಟ್ಟು ಕೂತೆ. ರೋಟರ್ ತನ್ನ ವೇಗದಲ್ಲೇ ಬಹಳ ಹೊತ್ತು ತಿರುಗಿತು. ಅಷ್ಟರೊಳಗೆ ಬರಬಹುದು, ಬರಬಹುದು. ಶ್ರುತಿ ಇಳಿಯುತ್ತಾ ಇಳಿಯುತ್ತಾ ನಿಂತೇಹೋಯಿತು.

ಊರಿಗೆಲ್ಲ ಇಲ್ಲವಂತೆ. ವುಲ್ಫ್‌ಗಾಂಗ್ ಹೇಳಿದ, ದೇಶಕ್ಕೇ ಇಲ್ಲ.

ಮಾರ್ಚ್ 9, ಶನಿವಾರ

ಕರೆಂಟಿಲ್ಲ. ಫೋನಿಲ್ಲ. ನೀರೆತ್ತುವ ಪಂಪಿಲ್ಲ. ಕೇಂದ್ರದ ಜನರೇಟರಿನ ತಾಮ್ರವನ್ನು ಹೋದ ವರ್ಷವೇ ಯಾರೋ ಕಿತ್ತೊಯ್ದಿದ್ದಾರೆ.

ವುಲ್ಫ್‌ಗಾಂಗ್ ಎಲ್ಲಿಂದಲೋ ಕೈಗಾಡಿಯಲ್ಲಿ ಐಸ್ ಗಡ್ಡೆ ತಂದ. ನನ್ನ ಫ್ರೀಜರು ಸೊನ್ನೆಗಿಂತ ಎಷ್ಟೋ ಕೆಳಗೆ ಇರಬೇಕಾದ್ದು, ಈ ಐಸು ಅದಕ್ಕೆ ಬಿಸಿನೀರಿದ್ದಂತೆ. ಅವನಿಗೂ ಗೊತ್ತು, ನನಗೂ ಗೊತ್ತು. ಆದರೂ ಇಬ್ಬರೂ ಕೈ ಕೊರೆಯುವವರೆಗೆ ಗಡ್ಡೆ ಒಡೆದು ಸುತ್ತ ಜೋಡಿಸಿದೆವು. ಬಾಗಿಲು ಮಾತ್ರ ತೆರೆಯಲಿಲ್ಲ. ತೆರೆಯದಿದ್ದರೆ ಒಳಗೆ ಏನಾಗಿದೆ ಎಂದು ಗೊತ್ತಾಗುವುದಿಲ್ಲ.

ಮನೆಗೆ ಬಂದರೆ ಎವೇಲಿಯೊ ಮೆಟ್ಟಿಲ ಮೇಲೆ ಕೂತಿದ್ದರು, ಅಕ್ಕಪಕ್ಕ ಎರಡು ನೀರಿನ ಡಬ್ಬ. ಲಿಫ್ಟಿಲ್ಲ, ನಮ್ಮದು ಐದನೇ ಮಹಡಿ. ತುಟಿ ನೀಲಿಯಾಗಿತ್ತು.

"ಯಾರು ಹೇಳಿದ್ರು ನಿಮಗೆ ನೀರು ಹೊರೋಕೆ?"

"ಅಲ್ಬರ್‌ರೇಗಾಸ್ ಹೊಳೆ ಹತ್ರ ಜನ ಎಲ್ಲಾ ಸೇರಿದ್ರು. ಚೆನ್ನಾಗಿತ್ತು. ಹಾಡಿದ್ವಿ ಕೂಡ."

"ಹಾಡೋಕೆ ಹೋಗಿದ್ರಾ, ನೀರಿಗೆ ಹೋಗಿದ್ರಾ?"

"ನೀನು ತಲೆ ತೊಳ್ಕೊಂಡು ವಾರ ಆಯ್ತಲ್ಲ" ಅಂದರು.

ಡಬ್ಬಗಳನ್ನು ನಾನು ಹೊತ್ತೆ. ಪ್ರತಿ ಮಹಡಿಗೂ ನಿಂತು ನಿಂತು ಬಂದರು. ಸಿಟ್ಟಿನಲ್ಲಿ ಡಬ್ಬಗಳನ್ನು ಅಡುಗೆಮನೆಯಲ್ಲಿ ಕುಕ್ಕಿದೆ.

ಮಾರ್ಚ್ 10, ಭಾನುವಾರ

ಬಾಗಿಲು ತೆರೆದೆ. ಎಲ್ಲ ನೀರು.

ಮಾರ್ಚ್ 13, ಬುಧವಾರ

ಕರೆಂಟು ಬಂದಿದೆ. ಏನು ಪ್ರಯೋಜನ.

ಫ್ರೀಜರಿನ ಶೀಷೆಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಕರೋರಾದಲ್ಲಿ ಹೆರಿಗೆಯ ದಿನವೇ ಹೃದಯ ನಿಂತ ಹೆಣ್ಣುಮಗಳದು. ತ್ರುಹೀಯೊದ ಬಸ್ ಡ್ರೈವರನದು, ಸ್ಟೀರಿಂಗ್ ಮೇಲೆ ತಲೆಯಿಟ್ಟು ಸತ್ತವನು. ತಿಗಣೆ ಬಿದ್ದ ಪೇರಲೆ ರಸ ಕುಡಿದು ಇಡೀ ತರಗತಿ ಕಾಯಿಲೆ ಬಿದ್ದಾಗ ಉಳಿಯದ ಆ ಮಗುವಿನದು. ಹೆಸರುಗಳನ್ನು ನನ್ನ ಕೈಯಲ್ಲೇ ಬರೆದದ್ದು. ಆ ಜನ ಹೋಗಿ ಎಷ್ಟೋ ಕಾಲವಾಯಿತು, ಅವರೊಳಗೆ ಇದ್ದದ್ದು ಇಲ್ಲಿತ್ತು. ಈಗ ಅದೂ ಇಲ್ಲ.

ಸೆಂಟ್ರಿಫ್ಯೂಜಿನ ನಳಿಕೆಗಳನ್ನು ದೀಪಕ್ಕೆ ಹಿಡಿದೆ. ಪಟ್ಟೆ ಗಟ್ಟಿಯಾಗುವ ಮುಂಚೆಯೇ ನಿಂತು, ದಿನಗಟ್ಟಲೆ ಹಾಗೇ ಬಿದ್ದಿದ್ದರಿಂದ ಎಲ್ಲ ಕಲಸಿಹೋಗಿದೆ. ಮೇಲಿನಿಂದ ಕೆಳಗೆ ಒಂದೇ ಮಸುಕು ಕಿತ್ತಳೆ ಮಂಜು. ವುಲ್ಫ್‌ಗಾಂಗ್ ನೋಡಿ, ಏನೂ ತಮಾಷೆ ಮಾಡಲಿಲ್ಲ.

ಉಳಿದಿರುವುದು ಒಂದು. ಮತ್ತೆ ಬೆಳೆಸಲೆಂದು ತೆಗೆದಿಟ್ಟಿದ್ದ ಎವೇಲಿಯೊ ತಳಿಯ ಒಂದು ಶೀಷೆ, ಫ್ರೀಜರಿನ ಹೊರಗಿತ್ತು. ಬದುಕಿವೆ, ಚಲಿಸುತ್ತಿವೆ. ಇನ್ನು ಪ್ರಯೋಗಾಲಯವನ್ನು ನಂಬುವಂತಿಲ್ಲ. ಕೋಟಿನ ಒಳಜೇಬಿನಲ್ಲಿಟ್ಟುಕೊಂಡು ಮನೆಗೆ ತಂದೆ. ನಿಯಮದ ಪ್ರಕಾರ ಇದು ಅಪರಾಧ, ನಿಯಮ ಬರೆದವಳು ನಾನೇ.

"ಅಂತೂ ನನ್ನನ್ನ ಜೇಬಲ್ಲಿಟ್ಕೊಂಡು ಓಡಾಡೋ ಕಾಲ ಬಂತು" ಅಂದರು ಎವೇಲಿಯೊ. ಸಂಜೆ ಅವರ ಪಾದ ಒತ್ತಿ ನೋಡಿದೆ. ಬೆರಳಿನ ಗುಳಿ ಹಾಗೇ ಉಳಿಯಿತು.

ಮಾರ್ಚ್ 20, ಬುಧವಾರ

ಎವೇಲಿಯೊ ತಂಗಿ ಬೆಲ್ಕಿಸ್ ಬಾರಿನಾಸಿನಿಂದ ಲಾರಿಯ ಹಿಂದೆ ಕೂತು ಬಂದಿದ್ದಾಳೆ, ಬಾಳೆಲೆಯಲ್ಲಿ ಸುತ್ತಿದ ಒಂದು ಗಡ್ಡೆ ಬಯಲಿನ ಚೀಸು ಹೊತ್ತುಕೊಂಡು. ಅದರಲ್ಲಿ ಉಪ್ಪೋ ಉಪ್ಪು.

"ಅತ್ತಿಗೆ, ಒಂದು ಚೂರು ತಿನ್ಲಿ ಬಿಡಿ. ನೋಡಿ ಎಷ್ಟು ಆಸೆ ಪಡ್ತಿದಾನೆ."

"ಒಂದು ಚೂರೂ ಇಲ್ಲ."

"ನೀರು ಇಳಿಸೋ ಮಾತ್ರೆ ಸಿಕ್ತಾ?"

ಸಿಕ್ಕಿಲ್ಲ. ಅವಳು ಕೊತ್ತಂಬರಿ ಜಾತಿಯ ಸೊಪ್ಪು ಕುದಿಸಿ ಕುಡಿಸುತ್ತಿದ್ದಾಳೆ. ನಾನು ಬೇಡ ಅನ್ನುತ್ತಿಲ್ಲ. ಎವೇಲಿಯೊ ಈಗ ದಿಂಬುಗಳಿಗೆ ಒರಗಿ ಕೂತೇ ನಿದ್ದೆ ಮಾಡುವುದು, ಮಲಗಿದರೆ ಮುಳುಗಿದಂತಾಗುತ್ತದೆ. ಬೆಳಿಗ್ಗೆ ಹಾಸಿಗೆಯಿಂದಲೇ ಕಾರ್ಯಕ್ರಮ ನಡೆಸುತ್ತಾರೆ. "ಬಯಲುನಾಡಿಗೆ ಶುಭೋದಯ. ಈಗ ಸಮಯ... ನಮ್ಮ ಗಡಿಯಾರ ನಿಂತಿದೆ, ನಿಮ್ಮದು ನೋಡ್ಕೊಳ್ಳಿ. ಮೊದಲನೇ ಹಾಡು, ಅಡುಗೆಮನೆಯಿಂದ ಬೆಲ್ಕಿಸ್." ಅವಳು ಪಾತ್ರೆ ತಿಕ್ಕುತ್ತಾ ಹಾಡುತ್ತಾಳೆ. ಎವೇಲಿಯೊ ಎರಡು ವಾಕ್ಯಕ್ಕೊಮ್ಮೆ ಉಸಿರಿಗೆ ನಿಲ್ಲುತ್ತಾರೆ. ಆ ನಿಲುಗಡೆಯನ್ನೂ ಬೇಕೆಂದೇ ಮಾಡಿದಂತೆ ಮಾಡುತ್ತಾರೆ, ಕೇಳುವವರು ಇದ್ದಾರೆ ಎಂಬಂತೆ.

ಬೊಗೊಟಾದಿಂದ ಉತ್ತರ ಬಂತು. ಪೇಸ್‌ಮೇಕರ್ ಇದೆ, ತರುವವರಿಲ್ಲ. ಗಡಿಯ ಸೇತುವೆ ಮುಚ್ಚಿದೆ.

ಶೀಷೆಗೆ ಸಾರು ಬದಲಾಯಿಸಿದೆ.

ಮಾರ್ಚ್ 25, ಸೋಮವಾರ

ಮತ್ತೆ ಕರೆಂಟು ಹೋಯಿತು.

ಮಾರ್ಚ್ 29, ಶುಕ್ರವಾರ

ಇಂದು ಬೆಳಿಗ್ಗೆ ಎವೇಲಿಯೊ ತೀರಿಕೊಂಡರು. ಶುಭೋದಯ ಅಂದರು. ಬೆಲ್ಕಿಸ್ ಹಾಡಲು ಕಾದಳು.

ಏಪ್ರಿಲ್ 2, ಮಂಗಳವಾರ

ತೀರಿಕೊಂಡವರ ಹೆಸರಲ್ಲಿ ಒಂಬತ್ತು ದಿನ ಸೇರುವ ಜಪಮಾಲೆಯ ಸಂಜೆಗಳು ನಡೆಯುತ್ತಿವೆ. ಮೇಣದ ಬತ್ತಿಯ ಬೆಳಕಲ್ಲಿ ಮೆಟ್ಟಿಲು ಹತ್ತಿ ಎಲ್ಲ ಮಹಡಿಯವರೂ ಬರುತ್ತಾರೆ. ಕಾಫಿ ಇಲ್ಲ, ಬೆಲ್ಕಿಸ್ ಬಿಸಿ ಬೆಲ್ಲದ ನೀರಿಗೆ ಸ್ವಲ್ಪ ಮೀಚೆ ಸಾರಾಯಿ ಬೆರೆಸಿ ಕೊಡುತ್ತಾಳೆ. ಕೆಳಮನೆಯ ಮುದುಕಿ ನನ್ನ ಕೈ ಹಿಡಿದು "ಅಳಮ್ಮಾ, ಅತ್ತುಬಿಡು" ಅಂದಳು. ಅಳು ಬರಲಿಲ್ಲ. ಅವಳಿಗೆ ಬೇಜಾರಾಯಿತು.

ಶೀಷೆಯನ್ನು ಬೀರುವಿನ ಮೇಲೆ ಇಟ್ಟಿದ್ದೇನೆ. ಈ ಊರಿನ ಚಳಿ ಅದಕ್ಕೆ ಆಗದು. ಎವೇಲಿಯೊಗೂ ಆಗುತ್ತಿರಲಿಲ್ಲ, ಮನೆಯೊಳಗೂ ಉಣ್ಣೆಯ ಶಾಲು ಹೊದೆಯುತ್ತಿದ್ದರು. ಆ ಶಾಲನ್ನೇ ಸುತ್ತಿದೆ. ವಿದ್ಯಾರ್ಥಿಯಾಗಿದ್ದಾಗಿನ ನನ್ನ ಹಳೆಯ ಸೂಕ್ಷ್ಮದರ್ಶಕಕ್ಕೆ ಕರೆಂಟು ಬೇಡ, ಕನ್ನಡಿಯಿಂದ ಬಿಸಿಲು ಹಾಯಿಸಿದರೆ ಸಾಕು. ಒಂದು ಹನಿ ನೋಡಿದೆ. ಚೆನ್ನಾಗಿವೆ.

ಏಪ್ರಿಲ್ 9, ಮಂಗಳವಾರ

ವುಲ್ಫ್‌ಗಾಂಗ್ ಮನೆಗೆ ಬಂದಿದ್ದ. ಚೀಲದಿಂದ ಕಂಬಳಿ ಸುತ್ತಿದ ಒಂದು ರೋಟರನ್ನು ಮಗುವಿನಂತೆ ಎತ್ತಿ ಮೇಜಿನ ಮೇಲಿಟ್ಟ. ಮುಚ್ಚಿಹೋದ ಇನ್ನೊಂದು ಪ್ರಯೋಗಾಲಯದ ಕಪಾಟಿನಲ್ಲಿ ಸಿಕ್ಕಿತಂತೆ.

"ನಮ್ಮ ರೋಟರಲ್ಲಿ ನಳಿಕೆ ವಾಲಿಕೊಂಡಿರತ್ತೆ. ಇದರಲ್ಲಿ ನೆಟ್ಟಗೆ ನಿಂತಿರತ್ತೆ ಡಾಕ್ಟೋರಾ. ಪದರ ಆಗೋದು ಉದ್ದಕ್ಕಲ್ಲ, ಅಗಲಕ್ಕೆ. ಒಂದೊಂದು ಅಣುವೂ ನಡೀಬೇಕಾದ್ದು ಬೆರಳಗಲ ದಾರಿ. ಎರಡು ದಿನದ ಕೆಲಸ ಒಂದು ಬೆಳಗಲ್ಲಿ ಮುಗಿಯತ್ತೆ. ನಿಲ್ಲಿಸಿದಾಗ ಪದರಗಳು ತಾವೇ ಮಗ್ಗುಲು ಬದಲಾಯಿಸಿ ಅಡ್ಡಡ್ಡ ಬಂದು ಕೂರ್ತವೆ. ನಮ್ಮ ಕಡೆ ಬೆಳಿಗ್ಗೆ ಕರೆಂಟು ಕೊಡ್ತಿದಾರಲ್ಲ, ಅಷ್ಟು ಸಾಕು."

"ಇದರ ಆಯಸ್ಸು ಮುಗಿದಿದೆ. ತಿರುಗೋವಾಗ ಸೀಳಿದ್ರೆ?"

"ಸೀಳಿದ್ರೆ ಗೋಡೆ ಹೋಗತ್ತೆ. ಕೋಣೇಲಿ ನಾನಿದ್ರೆ ನಾನೂ ಹೋಗ್ತೀನಿ. ಯಾರ ಆಯಸ್ಸು ಮುಗೀದೆ ಉಳಿದಿದೆ ಹೇಳಿ. ನಾಳೆ ಮಾಡೋಣ?"

ಶೀಷೆ ಒಂದೇ. ಡಿಎನ್ಎ ತೆಗೆಯಬೇಕಾದರೆ ಅಷ್ಟನ್ನೂ ಸೋಪಿನ ನೀರಲ್ಲಿ ಒಡೆದು ಕರಗಿಸಬೇಕು. ಬೀಜಕ್ಕೆ ಎತ್ತಿಡಲು ನಂಬುವಂಥ ಫ್ರೀಜರಿಲ್ಲ. ಸಂಖ್ಯೆ ಇನ್ನೂ ಹೆಚ್ಚಲಿ, ಮುಂದಿನ ವಾರ ನೋಡೋಣ ಅಂದೆ. ಅವನು ರೋಟರನ್ನು ಮತ್ತೆ ಕಂಬಳಿಯಲ್ಲಿ ಸುತ್ತಿದ.

ಇವತ್ತು ಬಿಸಿಲು ಚೆನ್ನಾಗಿತ್ತು. ಬಹಳ ಹೊತ್ತು ನೋಡಿದೆ. ಚುರುಕಾಗಿದ್ದಾರೆ.

ಏಪ್ರಿಲ್ 13, ಶನಿವಾರ

ಮೋಡ. ನಿನ್ನೆಯೂ ಮೋಡ. ಕನ್ನಡಿಗೆ ಬೆಳಕು ಸಾಲದೆ ಏನೂ ಕಾಣಲಿಲ್ಲ. ಹೇಗಿದ್ದಾರೋ. ಮಾಂಸದಂಗಡಿಯಲ್ಲಿ ಸರತಿ ನಿಂತು ಯಕೃತ್ತು ತಂದು ಹೊಸ ಸಾರು ಮಾಡಿ ಕೊಟ್ಟೆ. ಬೆಲ್ಕಿಸ್ ಅದರಲ್ಲಿ ಅರ್ಧ ನಮಗೆ ಹುರಿಯೋಣ ಅಂದಳು. ಕೊಡಲಿಲ್ಲ.

ಏಪ್ರಿಲ್ 17, ಬುಧವಾರ

ವುಲ್ಫ್‌ಗಾಂಗ್ ಮತ್ತೆ ಕೇಳಿದ. ಪವಿತ್ರ ವಾರ ಕಳೆಯಲಿ ಅಂದೆ. "ನೀವು ಯಾವತ್ತಿಂದ ಇಗರ್ಜಿಗೆ ಹೋಗೋಕೆ ಶುರು ಮಾಡಿದ್ರಿ?" ಅಂದ.

ಮಧ್ಯಾಹ್ನ ಬೆಲ್ಕಿಸ್ 'ಸಾಕು' ಎಂಬಂತೆ ಬಂದು ನನ್ನ ಎದುರು ಕೂತಳು.

"ಅತ್ತಿಗೆ, ಅಣ್ಣನ ಶಾಲಲ್ಲಿ ಸುತ್ತಿಟ್ಟಿರೋ ಶೀಷೆ ಏನದು?"

"ಕೆಲಸದ್ದು."

"ಕೆಲಸದ್ದು ಅಂದ್ರೆ?"

ಹೇಳಿದೆ. ಅವಳ ಮುಖದ ಬಣ್ಣ ಹೋಯಿತು.

"ಅಣ್ಣನ್ನ ತಿಂದಿದ್ದನ್ನ ಅಣ್ಣನ ಶಾಲಲ್ಲೇ ಬೆಚ್ಚಗೆ ಇಟ್ಟಿದೀರಾ?"

"ಚಳಿ ಆಗಬಾರದು."

"ಯಾರಿಗೆ?"

ಎದ್ದು ಹೋಗಿ ಶಾಲಿನ ಅಂಚು ಸರಿಮಾಡಿದೆ.

"ಎಸೀರಿ ಅದನ್ನ. ಇಲ್ಲಾಂದ್ರೆ ನಿಮ್ಮ ಯಂತ್ರಕ್ಕೆ ಹಾಕಿ, ಏನು ಮಾಡ್ಬೇಕೋ ಮಾಡಿ ಮುಗ್ಸಿ. ದಿನಾ ನೋಡ್ತಿದೀನಿ ನಾನು. ಬೆಳಗಾಗೋದೇ ತಡ, ಕಿಟಕಿ ಹತ್ರ ಕೂತು ಆ ಕೊಳವೇಲಿ ಇಣುಕ್ತೀರಿ. ಇಣುಕಿದ ಮೇಲೇ ಬಾಯಿಗೆ ನೀರು. ಅವನು ಬದುಕಿದ್ದಾಗ ಒಂದಿನ ಆದ್ರೂ ಹಾಗೆ ಅವನ ಮುಖ ನೋಡಿದ್ರಾ ಅತ್ತಿಗೆ?"

ದುಃಖದಲ್ಲಿ ಜನ ಏನೇನೋ ಅನ್ನುತ್ತಾರೆ. ಸಂಖ್ಯೆ ಹೆಚ್ಚಬೇಕು, ವಿಷಯ ಅಷ್ಟೇ. ಅವಳು ಅಡುಗೆಮನೆಗೆ ಹೋಗಿ ಪಾತ್ರೆ ತಿಕ್ಕಿದಳು. ಹಾಡಲಿಲ್ಲ.

ಸಂಜೆ ಮುಚ್ಚಳ ತೆಗೆದು ಎರಡು ಹನಿ ಸಾರು ಹಾಕಿದೆ. ಮಾಮೂಲಿಗಿಂತ ಮಂಕಾಗಿದ್ದಾರೆ. ಚಳಿಯೇ ಇರಬೇಕು.

ಏಪ್ರಿಲ್ 24, ಬುಧವಾರ

ಬೂಷ್ಟು ಬಂದಿದೆ.

ಶೀಷೆಯ ತಳದಲ್ಲಿ ಬೂದು ಹತ್ತಿಯ ಉಂಡೆ. ದಿನಾ ಮುಚ್ಚಳ ತೆಗೆದರೆ, ಅಡುಗೆಮನೆಯ ಗಾಳಿಗೆ ಒಡ್ಡಿದರೆ ಆಗುವುದು ಇದೇ. ಮೊದಲ ವರ್ಷದ ಹುಡುಗರಿಗೆ ಮೊದಲ ದಿನ ಹೇಳಿಕೊಡುವ ಪಾಠ. ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಅರ್ಧಕ್ಕರ್ಧ ನಿಂತುಬಿಟ್ಟಿದ್ದಾರೆ. ಉಳಿದವರು ಬೂಷ್ಟಿನ ಎಳೆಗಳ ನಡುವೆ ತಡವರಿಸುತ್ತಿದ್ದಾರೆ. ಉಳಿಸುವ ಔಷಧ ಊರಲ್ಲಿಲ್ಲ. ಮೂಲೆಮೂಲೆ ಹುಡುಕಿದೆ, ಕೇಂದ್ರಕ್ಕೆ ಓಡಿದೆ, ಎಲ್ಲ ಕಪಾಟು ಕಿತ್ತು ನೋಡಿದೆ. ಇಲ್ಲ. ಇಲ್ಲ ಇಲ್ಲ ಇಲ್ಲ.

ವುಲ್ಫ್‌ಗಾಂಗ್ ನನ್ನ ಕೈಯಿಂದ ಶೀಷೆ ತೆಗೆದುಕೊಳ್ಳಲು ನೋಡಿದ. ಬಿಡಲಿಲ್ಲವಂತೆ ನಾನು. ನನಗೆ ನೆನಪಿಲ್ಲ.

"ಡಾಕ್ಟೋರಾ, ಈಗ ಒಡೆದ್ರೆ ಉಂಗುರ ಸಿಗಬಹುದು. ಬೂಷ್ಟಿನ ಡಿಎನ್ಎ ದಾರ, ಮೇಲಿನ ಪಟ್ಟೆಗೆ ಹೋಗತ್ತೆ. ಕೆಳಗಿನದು ಶುದ್ಧವಾಗೇ ಬರತ್ತೆ. ಅದಕ್ಕೇ ತಾನೆ ಈ ವಿಧಾನ ಇರೋದು. ನಾಳೆಗೆ ಬಿಟ್ರೆ ಏನೂ ಉಳಿಯಲ್ಲ."

ಸೋಪಿನ ದ್ರಾವಣವನ್ನು ನಾನೇ ಹಾಕಿದೆ. ಕಲಕು ನೀರು ನೋಡುತ್ತಿದ್ದಂತೆ ತಿಳಿಯಾಗಿ, ಎಳೆಎಳೆಯಾಗಿ, ಮೊಟ್ಟೆಯ ಬಿಳಿಯಂತಾಯಿತು.

ಏಪ್ರಿಲ್ 26, ಶುಕ್ರವಾರ

ಆಯಿತು. ಬರೆದಿಡುತ್ತೇನೆ.

ಬೆಳಿಗ್ಗೆ ಕರೆಂಟು ಬಂದ ಕೂಡಲೇ ಹೊರಡಿಸಿದೆವು. ವುಲ್ಫ್‌ಗಾಂಗ್ ನನ್ನನ್ನು ಹೊರಗೆ ಕಳಿಸಲು ನೋಡಿದ, ಹೋಗಲಿಲ್ಲ. ಅವನೂ ಹೋಗಲಿಲ್ಲ. ಹಳೆಯ ರೋಟರು ಏರುವಾಗ ಒಂದು ಕಡೆ ನಡುಗಿತು, ಇಬ್ಬರೂ ಗೋಡೆಗೆ ಒತ್ತಿಕೊಂಡು ನಿಂತೆವು. ಆಮೇಲೆ ನಡುಕ ದಾಟಿ ನಯವಾಗಿ ಹತ್ತಿತು. ಬೆಳಗೆಲ್ಲ ಆ ಒಂದೇ ಶಬ್ದ. ಕರೆಂಟು ಹೋಗಲಿಲ್ಲ. ಹೋಗಬೇಕಾಗಿತ್ತೋ ಏನೋ ಎಂದು ನಡುವೆ ಒಮ್ಮೆ ಅನ್ನಿಸಿತು.

ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ, ಕನ್ನಡಕ ಹಾಕಿಕೊಂಡು, ನಳಿಕೆಯನ್ನು ಎತ್ತಿ ಹಿಡಿದೆ. ವುಲ್ಫ್‌ಗಾಂಗ್ ದೀಪ ಹಾಕಿದ.

ಎರಡು ಪಟ್ಟೆ. ಮೇಲಿನದು ದಪ್ಪ, ಪರೋಪಜೀವಿಯ ದಾರಗಳೂ ಬೂಷ್ಟಿನ ದಾರಗಳೂ ಸೇರಿ. ಅದರ ಕೆಳಗೆ, ಕೂದಲೆಳೆಯಷ್ಟು ತೆಳ್ಳಗೆ, ಉಂಗುರಗಳದು. ಕತ್ತಲಲ್ಲಿ ಕೆಂಡದ ಹಾಗೆ. ನನ್ನ ವೃತ್ತಿಯಲ್ಲಿ ಇದಕ್ಕಿಂತ ಚೊಕ್ಕವಾದ ಪಟ್ಟೆ ಕಂಡಿಲ್ಲ.

"ಬಂತು!" ಎಂದ ವುಲ್ಫ್‌ಗಾಂಗ್. "ಬಂತು ಡಾಕ್ಟೋರಾ! ಸೂಜಿ ಚುಚ್ಚಿ. ಏನು ಕಾಯ್ತಿದೀರಿ?"

"ತಾಳು."

"ಏನು ನೋಡ್ತಿದೀರಿ?"

"ಇನ್ನೊಂದು ಇರಬೇಕು."

"ಯಾವ ಇನ್ನೊಂದು? ಎರಡೇ ಬರಬೇಕಾದ್ದು. ಎರಡೂ ಬಂದಿದೆ."

ನಳಿಕೆಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ಮೇಲಿನ ಪಟ್ಟೆಯ ಮೇಲೆ, ಎರಡರ ನಡುವೆ, ತಳದಲ್ಲಿ. ತಿಳಿನೀರು. ಈ ತಳಿಗೆ ಎವೇಲಿಯೊ ರಕ್ತ ಸೋಕಿದ್ದು ತೊಂಬತ್ತನೇ ಇಸವಿಯಲ್ಲಿ, ಅದೂ ತಿಗಣೆಯ ಹೊಟ್ಟೆಯ ಮೂಲಕ. ಅಲ್ಲಿಂದಾಚೆ ಎಷ್ಟು ಸಲ ಸಾರು ಬದಲಾಯಿಸಿದ್ದೇನೆ. ಅವರ ಒಂದು ಅಣುವೂ ಇದರಲ್ಲಿ ಇರಲು ಸಾಧ್ಯವಿಲ್ಲ. ಇದು ನನಗೆ ಗೊತ್ತು. ಪಾಠ ಮಾಡಿದ್ದೇನೆ. ಆದರೂ ಕನ್ನಡಕ ಹಾಕಿಕೊಂಡು, ಇಡೀ ಮೈಯನ್ನು ಕಣ್ಣು ಮಾಡಿಕೊಂಡು ನಾನು ಮೂರನೆಯ ಪಟ್ಟೆಯನ್ನು ಹುಡುಕುತ್ತಿದ್ದೆ.

ವುಲ್ಫ್‌ಗಾಂಗ್ ದೀಪ ಹಿಡಿದುಕೊಂಡೇ ನಿಂತ. ನಾನು ನೋಡಿ ಮುಗಿಸುವವರೆಗೂ ನಿಂತ.

ಸೂಜಿ ಚುಚ್ಚಿದೆ. ಕೆಳಗಿನ ಪಟ್ಟೆ ಸಿರಿಂಜಿನೊಳಗೆ ಬಂತು. ಕೆಲವೇ ಹನಿ. ಸಾವೊ ಪೌಲೊಗೆ ಸಾಕಾಗುತ್ತದೆ. ಇಡೀ ದೇಶದಲ್ಲಿ ನನ್ನ ತಳಿಗಳಲ್ಲಿ ಉಳಿದದ್ದು ಈ ಹನಿಗಳು, ಇದರಲ್ಲಿ ಜೀವವಿಲ್ಲ. ಶೀಷೆಯಲ್ಲಿ ಒಂದೂ ಉಳಿದಿಲ್ಲ.

ಮೆಟ್ಟಿಲು ಹತ್ತಿ ಮನೆಗೆ ಬಂದೆ. ಬೆಲ್ಕಿಸ್ ಊರಿಗೆ ಹೊರಡಲು ಗಂಟು ಕಟ್ಟುತ್ತಿದ್ದಳು. ಆ ಶಾಲು ಅವಳ ಮಡಿಲಲ್ಲಿತ್ತು, ಮಡಿಸುತ್ತಿದ್ದವಳು ನನ್ನನ್ನು ಕಂಡು ನಿಲ್ಲಿಸಿದಳು.

"ಸಿಕ್ತಾ ಅತ್ತಿಗೆ?"

"ಸಿಕ್ಕಿತು."

"ಅದರಲ್ಲಿ ಅಣ್ಣ..." ಎಂದು ಬಾಯಿ ತೆರೆದವಳು ಅಲ್ಲಿಗೇ ತಡೆದಳು. ಬೈದರೂ, ಹೆದರಿದರೂ, ಅವಳೂ ಅದನ್ನೇ ಕಾಯುತ್ತಿದ್ದಳು.

ಅವಳ ಪಕ್ಕ ನೆಲದ ಮೇಲೆ ಕೂತೆ.

"ಇಲ್ಲ ಬೆಲ್ಕಿಸ್" ಅಂದೆ. "ಇಲ್ಲ. ಎಷ್ಟು ನೋಡಿದ್ರೂ ಇಲ್ಲ."